ಗೊತ್ತಾಗದ ಹಾಗೆ ಕೊಡುವ ಔಷಧಿ

ಈ ಅಂಕಣಕ್ಕೆ ಬರುವ ಪತ್ರ, ಫೋನುಗಳಲ್ಲಿ ಒಂದು ಪ್ರಶ್ನೆ ಮಾತ್ರ ಎಡೆಬಿಡದೆ ಬರುತ್ತಿರುತ್ತದೆ. ಕೇಳುವವರು ಹೆಚ್ಚಾಗಿ ಹೆಂಗಸರು. ತಾಯಿ, ಹೆಂಡತಿ, ಒಮ್ಮೊಮ್ಮೆ ಮದುವೆಯಾಗಿ ಹೋದ ಅಕ್ಕ. 'ಅವನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಕೊಡುವ ಔಷಧಿ ಇದೆಯಂತಲ್ಲ, ಅದು ಎಲ್ಲಿ ಸಿಗುತ್ತದೆ?' ಎಂದು ಕೇಳುತ್ತಾರೆ. ಮುಂಬಯಿ ಪಕ್ಕದ ಡೊಂಬಿವಲಿಯಿಂದ ದಿನಾ ಲೋಕಲ್ ರೈಲು ಹತ್ತುವವರಿಗೆ ಈ ಔಷಧಿಯ ಹೆಸರು ಹೇಳಬೇಕಾಗಿಲ್ಲ. ಡಬ್ಬಿಯ ಬಾಗಿಲ ಪಕ್ಕ ಅಂಗೈಯಗಲದ ಸ್ಟಿಕರ್ ಅಂಟಿಸಿರುತ್ತಾರೆ. ದಾರೂ ಬಿಡಿಸಿ, ಕುಡಿಯುವವನಿಗೆ ಹೇಳದೆಯೇ ಬಿಡಿಸಿ, ಗ್ಯಾರಂಟಿ. ಕೆಳಗೆ ಒಂದು ಮೊಬೈಲ್ ನಂಬರ್.

ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅಂಥ ಔಷಧಿ ಇಲ್ಲ. ಆ ಪೊಟ್ಟಣದಲ್ಲಿ ಏನಿದೆ ಎಂದು ಅದರ ಮೇಲೆ ಬರೆದಿರುವುದಿಲ್ಲ. ಒಳಗಿರುವುದು ಬರೀ ಬೇರು, ಚಕ್ಕೆಯ ಪುಡಿಯಾಗಿದ್ದರೆ ಹಣ ಹೋಗುತ್ತದೆ. ನಿಜವಾದ ಮದ್ದೇ ಇದ್ದರೆ ಜೀವಕ್ಕೆ ಅಪಾಯ. ಎರಡನೆಯದು ಯಾಕೆ ಹಾಗೆ ಎಂಬುದು ನಮ್ಮ ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯವರಿಗೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು, ಏಕೆಂದರೆ ಆ ಮದ್ದು ಹುಟ್ಟಿದ್ದು ರಬ್ಬರ್ ಕಾರ್ಖಾನೆಯಲ್ಲಿ.

ಫೇಸ್ ಟೂನ ಒಂದು ರಾಸಾಯನಿಕ ಘಟಕದ ಲ್ಯಾಬಿನಲ್ಲಿ ನಾನು ಬಹಳ ಕಾಲ ಕೆಲಸ ಮಾಡಿದ್ದೇನೆ. ರಬ್ಬರಿಗೆ ಗಂಧಕ ಸೇರಿಸಿ ಬಿಸಿ ಮಾಡಿ ಗಟ್ಟಿಗೊಳಿಸುವಾಗ ಆ ಕೆಲಸ ಬೇಗ ಆಗಲೆಂದು ಥೈಯುರಾಮ್ ಜಾತಿಯ ಮಾಸಲು ಬಿಳಿ ಪುಡಿ ಹಾಕುತ್ತಾರೆ. ಅದರ ಚೀಲ ಸುರಿಯುವ ಕೆಲಸಕ್ಕೆ ಹೊಸ ಹುಡುಗ ಬಂದರೆ ಹಳೆಯ ಆಪರೇಟರ್ ಮೊದಲು ಹೇಳುತ್ತಿದ್ದದ್ದು ಮಾಸ್ಕಿನ ವಿಷಯ, ಎರಡನೆಯದಾಗಿ ಶಿಫ್ಟ್ ಮುಗಿದ ಮೇಲೆ ಬಾರಿಗೆ ಹೋಗಬೇಡ ಎಂಬ ಮಾತು. ಹೋದವನ ಮುಖ ಎರಡು ಗುಟುಕಿಗೆ ಕೆಂಡದ ಹಾಗೆ ಕೆಂಪಾಗುತ್ತಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು, ತಲೆ ಸಿಡಿಯುತ್ತಿತ್ತು, ವಾಂತಿಯಾಗುತ್ತಿತ್ತು. ಇದೇ ಸಂಗತಿಯನ್ನು 1937ರಲ್ಲೇ ಅಮೆರಿಕದ ರಬ್ಬರ್ ಉದ್ಯಮದ ಒಬ್ಬ ವೈದ್ಯರು ಬರೆದಿಟ್ಟಿದ್ದರು. ಈ ಪುಡಿಯ ನಡುವೆ ಕೆಲಸ ಮಾಡುವವರಿಗೆ ಕುಡಿಯಲು ಆಗುವುದೇ ಇಲ್ಲ, ಇದು ಕುಡಿತಕ್ಕೆ ಮದ್ದಾಗಬಹುದೇ ಎಂದು ಅವರು ಆಗಲೇ ಕೇಳಿದ್ದರು. ಹತ್ತು ವರ್ಷದ ಮೇಲೆ ಡೆನ್ಮಾರ್ಕಿನಲ್ಲಿ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್‌ಸೆನ್ ಎಂಬ ಇಬ್ಬರು ಅದೇ ಜಾತಿಯ ಡೈಸಲ್ಫಿರಾಮನ್ನು ಹೊಟ್ಟೆಹುಳುವಿನ ಔಷಧಿಯಾಗಿ ಪರೀಕ್ಷಿಸುತ್ತಿದ್ದರು. ಮೊದಲು ತಾವೇ ನುಂಗಿ ನೋಡಿದ್ದರು. ಆಮೇಲೆ ಸ್ವಲ್ಪ ಮದ್ಯ ಕುಡಿದಾಗ ಕಾಯಿಲೆ ಬಿದ್ದರು. ಚಟ ಬಿಡಿಸಲು ಬಳಕೆಗೆ ಬಂದ ಮೊದಲ ಆಧುನಿಕ ಮಾತ್ರೆ ಹುಟ್ಟಿದ್ದು ಹೀಗೆ.

ನಮ್ಮ ಯಕೃತ್ತು ಮದ್ಯವನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ ಮಾರ್ಪಡಿಸುತ್ತದೆ, ತಕ್ಷಣ ಅದನ್ನು ಇನ್ನೊಂದು ಮೆಟ್ಟಿಲು ದಾಟಿಸಿ ನಿರುಪದ್ರವಿಯಾಗಿಸುತ್ತದೆ. ಡೈಸಲ್ಫಿರಾಮ್ ಆ ಎರಡನೆಯ ಮೆಟ್ಟಿಲನ್ನು ಕಟ್ಟಿಹಾಕುತ್ತದೆ. ವಿಷ ರಕ್ತದಲ್ಲೇ ಉಳಿಯುತ್ತದೆ. ರಕ್ತದೊತ್ತಡ ಕುಸಿಯಬಹುದು, ಹೃದಯ ದುರ್ಬಲವಾಗಿದ್ದವನು ಸಾಯಲೂಬಹುದು. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರುತ್ತದೆ. ಅದಕ್ಕೇ ವೈದ್ಯರು ಇದನ್ನು ಕೊಡುವ ಮೊದಲು ರಕ್ತ, ಹೃದಯ, ಯಕೃತ್ತಿನ ಪರೀಕ್ಷೆ ಮಾಡಿಸುತ್ತಾರೆ, ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಎಲ್ಲವನ್ನೂ ಹೇಳುತ್ತಾರೆ, ಅವನ ಒಪ್ಪಿಗೆ ಪಡೆಯುತ್ತಾರೆ. ಈ ಮಾತ್ರೆ ಕೆಲಸ ಮಾಡುವುದೇ ಗೊತ್ತಿರುವುದರಿಂದ. ಬೆಳಿಗ್ಗೆ ತಾನೇ ನುಂಗಿದ್ದೇನೆ, ಇವತ್ತು ಕುಡಿಯುವ ಹಾಗಿಲ್ಲ ಎಂದು ಅವನಿಗೆ ನೆನಪಿರಬೇಕು. ಗೊತ್ತಿಲ್ಲದವನು ಎಂದಿನಂತೆ ಕ್ವಾರ್ಟರ್ ಮುಗಿಸುತ್ತಾನೆ.

ಇದನ್ನೆಲ್ಲ ನಾನು ನಮ್ಮ ಕಡೆಯ, ಕುಡಿಯುವ ಮಗನಿರುವ ಒಬ್ಬ ತಾಯಿಗೆ ಹೇಳಬೇಕಾಗಿ ಬಂದಿತ್ತು. ಕುಂದಾಪುರದ ಕಡೆಯವರು, ಗಂಡ ಹೋಟೆಲಿನಲ್ಲಿ ದುಡಿದು ಸಂಸಾರವನ್ನು ದಡ ಹತ್ತಿಸಿದವರು. 'ಅಣ್ಣ, ಅವನಿಗೆ ಗೊತ್ತಾಗುವುದು ಬೇಡ, ಸಾರಿಗೆ ಹಾಕಿ ಕೊಡ್ತೇನೆ. ನೀವು ಕೆಮಿಕಲ್ ಓದಿದವರಲ್ವಾ, ಯಾವುದು ಅಂತ ಹೇಳಿ ಸಾಕು' ಎಂದರು. 'ಅಕ್ಕ, ಈ ವಿಷಯ ಅವನ ಹತ್ತಿರ ಮಾತಾಡಿದ್ದೀರಾ?' ಎಂದು ಕೇಳಿದೆ. 'ದಿನಾ ಬೈತೇನೆ' ಎಂದರು. ಬೈಯುವುದಲ್ಲ, ಮಾತಾಡುವುದು ಎಂದೆ. ಅವರು ಕೇಳಿದ ಮರುಪ್ರಶ್ನೆ ನನಗೆ ಬಹಳ ಮುಖ್ಯವೆನಿಸಿತು. 'ಏನಂತ ಮಾತಾಡುವುದು?'

ಈ ಬರಹ ಆ ಪ್ರಶ್ನೆಗೆ ಉತ್ತರ. ಚಟ ಬಿಡಿಸುವ ದಾರಿಗಳಲ್ಲಿ ಮಾತಿಲ್ಲದ ದಾರಿ ಒಂದೂ ಇಲ್ಲ ಎಂಬುದು ನನ್ನ ದೃಢ ನಂಬಿಕೆ. ಔಷಧಿ ಬೇಡ ಎನ್ನುತ್ತಿಲ್ಲ. ಕುಡಿತಕ್ಕೆ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇವೆ, ಬ್ರೌನ್ ಶುಗರ್ ಸೇದುವವರಿಗೆ ಬ್ಯೂಪ್ರೆನಾರ್ಫಿನ್ ಇದೆ. ಒಳ್ಳೆಯ ಔಷಧಿಗಳೇ. ಆದರೆ ಇವೆಲ್ಲ ಅವನು ತಾನಾಗಿ ಬಂದು ಕೂತ ಮೇಲಿನ ಮಾತು. ಕದ್ದು ಕೊಟ್ಟರೆ ಇವೂ ತಿರುಗಿ ಬೀಳುತ್ತವೆ. ಬ್ರೌನ್ ಶುಗರ್ ಮೈಯಲ್ಲಿರುವಾಗ ನಾಲ್ಟ್ರೆಕ್ಸೋನ್ ಹೊಟ್ಟೆಗೆ ಹೋದರೆ ಅವರ ಭಾಷೆಯಲ್ಲಿ ಹೇಳುವ 'ಟರ್ಕಿ', ಅಂದರೆ ನಶೆ ಇಳಿಯುವಾಗಿನ ಮೈಮುರಿತ, ವಾಂತಿ, ಭೇದಿ, ನಡುಕ ಎಲ್ಲ ಒಟ್ಟಿಗೇ ಮೈಮೇಲೆ ಬೀಳುತ್ತದೆ. ಇನ್ನು ಈಗಿನ ಹುಡುಗರ ಎಂಡಿಗೆ, ಅಂದರೆ ಮೆಫೆಡ್ರೋನಿಗೆ, ಅದನ್ನು ಬಿಡಿಸುವ ಒಪ್ಪಿತ ಮಾತ್ರೆಯೇ ಇಲ್ಲ. ಅಲ್ಲಿ ಚಿಕಿತ್ಸೆಯ ಬಹುಪಾಲು ಮಾತೇ. ಎಂಡಿ ದೂರದ ಗಿಡದ ರಸವೂ ಅಲ್ಲ, ರಸಾಯನಶಾಸ್ತ್ರ ಓದಿದವರು ಸಣ್ಣ ಘಟಕಗಳಲ್ಲಿ ಮಾಡುವ ವಸ್ತು. 2022ರ ಆಗಸ್ಟಿನಲ್ಲಿ ನಾಲಾಸೊಪಾರಾದಲ್ಲಿ ಮುಂಬಯಿ ಪೊಲೀಸರು ಒಂದೇ ದಾಳಿಯಲ್ಲಿ 700 ಕಿಲೋಗೂ ಹೆಚ್ಚು ಹಿಡಿದರು. ನಾನು ಬದುಕು ಕಟ್ಟಿಕೊಂಡ ವಿದ್ಯೆ ಹೀಗೆ ಬಳಕೆಯಾಗುವುದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ.

ಮಾತಿಗೆ ಮೊದಲು ಇನ್ನೊಂದು ಎಚ್ಚರಿಕೆ ಹೇಳಲೇಬೇಕು. ಗುಟ್ಟಾಗಿ ಔಷಧಿ ಕೊಡಲು ಆಗದಾಗ ಕೆಲವರು ಕೋಣೆಯಲ್ಲಿ ಕೂಡಿಹಾಕಿ ಚಿಲಕ ಹಾಕುತ್ತಾರೆ. ವರ್ಷಗಟ್ಟಲೆ ಬೆಳಿಗ್ಗೆಯಿಂದಲೇ ಕುಡಿಯುತ್ತಿದ್ದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನ ಕೈನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನ ಕಳೆದ ಮೇಲೆ ಕೆಲವರಿಗೆ ಭ್ರಮೆ ಶುರುವಾಗುತ್ತದೆ, ಗೋಡೆಯ ಮೇಲೆ ಹುಳ ಹರಿದಾಡುವುದು ಕಾಣಿಸುತ್ತದೆ, ಮನೆಯವರ ಗುರುತು ಸಿಗುವುದಿಲ್ಲ, ಜ್ವರ ಏರುತ್ತದೆ. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ಇದು ನಾಟಕವಲ್ಲ, ದೆವ್ವದ ಕಾಟವೂ ಅಲ್ಲ. ಮೊದಲ ವಾರ ವೈದ್ಯರ ಕಣ್ಗಾವಲಿನಲ್ಲಿ ಕಳೆಯಬೇಕಾದದ್ದು.

ಈಗ ಮಾತಿನ ವಿಷಯಕ್ಕೆ ಬರೋಣ. ಮನೆಗಳಲ್ಲಿ ನಡೆಯುವ ಮಾತುಕತೆ ಸಾಮಾನ್ಯವಾಗಿ ಒಂದೇ ಬಗೆಯದು. 'ಇನ್ನು ಕುಡಿಯುತ್ತೀಯಾ?' 'ಇಲ್ಲ.' 'ಮಂಜುನಾಥನ ಮೇಲೆ ಆಣೆ ಇಡು.' 'ಆಣೆ.' ಮೂರನೇ ದಿನ ಮತ್ತೆ ಅದೇ. ಅವನು ಸುಳ್ಳುಗಾರ, ದೇವರಿಗೂ ಹೆದರದವನು ಎಂದು ಮನೆಯವರು ತೀರ್ಮಾನಿಸುತ್ತಾರೆ. ಇದನ್ನು ಯೋಚಿಸುವಾಗ ನನಗೆ ನಿಮ್ ಎಂಬ ಚಿಂಪಾಂಜಿಯ ಕಥೆ ನೆನಪಾಗುತ್ತದೆ. ಕುಡುಕರನ್ನು ಮಂಗಕ್ಕೆ ಹೋಲಿಸುವ ಚಾಳಿ ನಮ್ಮಲ್ಲಿದೆ, ಅದು ನನಗೆ ಸ್ವಲ್ಪವೂ ಹಿಡಿಸದು. ಇಲ್ಲಿ ನಾನು ನೋಡಬೇಕೆನ್ನುವುದು ಆ ಚಿಂಪಾಂಜಿಗೆ ಪಾಠ ಹೇಳಿದ ಮನುಷ್ಯರನ್ನು.

1973ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಹರ್ಬರ್ಟ್ ಟೆರೆಸ್ ಎಂಬ ಮನೋವಿಜ್ಞಾನಿ ಎಳೆಯ ಚಿಂಪಾಂಜಿ ಮರಿಯೊಂದನ್ನು ಮನುಷ್ಯರ ಮನೆಯಲ್ಲಿ ಬೆಳೆಸಲು ಕೊಟ್ಟರು. ಕಿವುಡರು ಬಳಸುವ ಕೈಸನ್ನೆಯ ಭಾಷೆ ಕಲಿಸಿದರೆ ಅದು ಮನುಷ್ಯರಂತೆ ವಾಕ್ಯ ಕಟ್ಟುತ್ತದೆಯೇ ಎಂಬುದು ಪರೀಕ್ಷೆ. ನಿಮ್ ಸುಮಾರು 125 ಸನ್ನೆ ಕಲಿತ. ಎಲ್ಲರೂ ಹಿಗ್ಗಿದರು. ಆಮೇಲೆ ಟೆರೆಸ್ ವಿಡಿಯೋಗಳನ್ನು ನಿಧಾನವಾಗಿ ಓಡಿಸಿ ನೋಡಿದರು. ನಿಮ್ ಸನ್ನೆ ಮಾಡುವ ಮೊದಲು ಶಿಕ್ಷಕರೇ ಅದಕ್ಕೆ ಹೊಂದುವ ಸನ್ನೆ ಮಾಡಿರುತ್ತಿದ್ದರು. ನಿಮ್ ಅದನ್ನೇ ಹಿಂದಿರುಗಿಸಿ ಹಣ್ಣು ಪಡೆಯುತ್ತಿದ್ದ. ತಾನಾಗಿ ಮಾತು ತೆಗೆದದ್ದು ಬಹಳ ಕಡಿಮೆ. 1979ರಲ್ಲಿ ಅವರು ಇದನ್ನು ಬಿಚ್ಚುಮನಸ್ಸಿನಿಂದ ಪ್ರಕಟಿಸಿದರು. ಚಿಂಪಾಂಜಿಗೆ ಭಾಷೆ ಇದೆಯೋ ಇಲ್ಲವೋ ಎಂಬ ವಾದ ಇಂದಿಗೂ ಇದೆ. ಆದರೆ ಕೇಳುವವರೇ ಉತ್ತರವನ್ನು ಕೈಗಿಟ್ಟರೆ ಸಿಗುವುದು ಅದೇ ಉತ್ತರ ಎಂಬುದಂತೂ ಆ ವಿಡಿಯೋಗಳಲ್ಲಿ ಸ್ಪಷ್ಟವಾಗಿತ್ತು.

'ಇನ್ನು ಕುಡಿಯುತ್ತೀಯಾ?' ಎಂಬುದಕ್ಕೆ 'ಇಲ್ಲ' ಎಂಬುದು ನಾವೇ ಕೈಗಿಟ್ಟ ಉತ್ತರ. ಆ ಗಳಿಗೆಗೆ ಮನೆಯಲ್ಲಿ ಶಾಂತಿ ಸಿಗುತ್ತದೆ, ಊಟ ಸಿಗುತ್ತದೆ, ಕೆಲವೊಮ್ಮೆ ಇನ್ನೂರು ರೂಪಾಯಿಯೂ ಸಿಗುತ್ತದೆ. ಅದರಲ್ಲಿ ಅವನ ಮನಸ್ಸಿನ ಸುದ್ದಿ ಏನೂ ಇಲ್ಲ. 1983ರಲ್ಲಿ ವಿಲಿಯಂ ಮಿಲ್ಲರ್ ಎಂಬ ಅಮೆರಿಕದ ಮನೋವಿಜ್ಞಾನಿ ಕುಡಿತದ ಸಮಸ್ಯೆಯವರ ಜೊತೆ ಮಾತಾಡುವ ಒಂದು ಕ್ರಮವನ್ನೇ ಬರೆದರು. ಬಹುತೇಕ ವ್ಯಸನಿಗಳ ಒಳಗೆ ಬಿಡಬೇಕು ಮತ್ತು ಬಿಡಲಾರೆ ಎಂಬ ಎರಡೂ ದನಿಗಳಿರುತ್ತವೆ. ನಾವು 'ಬಿಡು' ಪಕ್ಷ ಹಿಡಿದು ಗಟ್ಟಿಯಾಗಿ ವಾದಿಸಿದರೆ ಅವನಿಗೆ ಉಳಿಯುವುದು 'ಬಿಡಲಾರೆ' ಪಕ್ಷ. ಹತ್ತು ವರ್ಷದ ಮೇಲೆ ಅವರ ತಂಡ ಮಾಡಿದ ಅಧ್ಯಯನದಲ್ಲಿ, ಸಲಹೆಗಾರ ಎಷ್ಟು ಜಗ್ಗಾಡಿದನೋ ರೋಗಿ ಮುಂದೆ ಅಷ್ಟು ಹೆಚ್ಚು ಕುಡಿದದ್ದು ಕಂಡುಬಂತು. ಅದಕ್ಕೆ ಬದಲಾಗಿ, ಕುಡಿದಾಗ ನಿನಗೆ ಏನು ಸಿಗುತ್ತದೆ ಎಂದು ಕೇಳಬೇಕು. ಈ ಪ್ರಶ್ನೆ ಕೇಳಲು ತಾಯಿಗೆ ಕಷ್ಟ, ನನಗೆ ಗೊತ್ತು. ಆದರೆ ಅದಕ್ಕೆ ಸಿದ್ಧ ಉತ್ತರ ಇಲ್ಲ. ನೈಟ್ ಶಿಫ್ಟ್ ಮುಗಿಸಿ ಬಂದರೆ ನಿದ್ದೆ ಬರುವುದಿಲ್ಲ ಎನ್ನಬಹುದು, ಜೊತೆಯವರ ನಡುವೆ ಬಾಯಿ ಬರುತ್ತದೆ ಎನ್ನಬಹುದು. ಮತ್ತು ಏನು ಕಳೆದುಹೋಗಿದೆ ಎಂದು ಕೇಳಿದರೆ ಅದನ್ನೂ ಅವನೇ ಹೇಳುತ್ತಾನೆ. ನಾವು ಹೇಳಿದ್ದಕ್ಕಿಂತ ಅವನ ಬಾಯಿಂದಲೇ ಬಂದದ್ದು ಅವನಿಗೆ ಹೆಚ್ಚು ನಾಟುತ್ತದೆ.

ಇದರ ಜೊತೆಗೆ ಇಟ್ಟು ನೋಡಬೇಕಾದ ಇನ್ನೊಂದು ಚಿಂಪಾಂಜಿ ಸಂಸಾರವಿದೆ. ನಿಮ್‌ಗಿಂತ ಮೊದಲೇ ಸನ್ನೆ ಕಲಿತ ವಾಷೋ ಎಂಬ ಹೆಣ್ಣು ಚಿಂಪಾಂಜಿಗೆ 1979ರಲ್ಲಿ ಲೂಲಿಸ್ ಎಂಬ ಹತ್ತು ತಿಂಗಳ ಮರಿಯನ್ನು ಸಾಕಲು ಕೊಟ್ಟರು. ರೋಜರ್ ಫೌಟ್ಸ್ ಮತ್ತು ಡೆಬೊರಾ ಫೌಟ್ಸ್ ದಂಪತಿ ಒಂದು ಕಟ್ಟುನಿಟ್ಟು ಮಾಡಿದರು. ಲೂಲಿಸ್ ಎದುರಿಗೆ ಮನುಷ್ಯರು ಏಳು ಸನ್ನೆಗಳ ಹೊರತು ಬೇರೇನನ್ನೂ ಬಳಸಕೂಡದು. ಆದರೂ ಲೂಲಿಸ್ ಕೆಲವೇ ವರ್ಷಗಳಲ್ಲಿ ಸುಮಾರು 50 ಸನ್ನೆ ಕಲಿತ. ಕಲಿಸಿದ್ದು ವಾಷೋ ಮತ್ತು ಜೊತೆಯ ಚಿಂಪಾಂಜಿಗಳು. ಮೇಲಿನವರು ಇಳಿದು ಬಂದು ಕಲಿಸಿದ್ದಲ್ಲ, ತನ್ನಂಥವರ ಕೈಯಿಂದ ಕಲಿತದ್ದು.

ಚಟ ಬಿಡುವವರ ಲೋಕದಲ್ಲಿ ಇದನ್ನು ಯಾರೂ ಹೇಳಿಕೊಡದೆಯೇ ಕಂಡುಕೊಂಡಿದ್ದಾರೆ. 1935ರಲ್ಲಿ ಅಮೆರಿಕದ ಏಕ್ರನ್ ಊರಿನಲ್ಲಿ ಕುಡಿತ ಬಿಟ್ಟು ಕೆಲವು ತಿಂಗಳಾಗಿದ್ದ ಒಬ್ಬ ಷೇರುಪೇಟೆಯ ಮನುಷ್ಯ ಇನ್ನೂ ಬಿಡಲಾಗದ ಒಬ್ಬ ಡಾಕ್ಟರ ಜೊತೆ ಕೂತು ಗಂಟೆಗಟ್ಟಲೆ ತನ್ನ ಕಥೆ ಹೇಳಿಕೊಂಡ. ಆ ಮಾತುಕತೆಯಿಂದ ಆಲ್ಕೊಹಾಲಿಕ್ಸ್ ಅನಾನಿಮಸ್ ಹುಟ್ಟಿತು. ನಮ್ಮ ಮುಂಬಯಿಯಲ್ಲಿ ಅವರ ಸಭೆಗಳು ಶಾಲೆಯ ಕೋಣೆಗಳಲ್ಲಿ, ಚರ್ಚಿನ ಹಾಲುಗಳಲ್ಲಿ ನಡೆಯುತ್ತವೆ. ಶುಲ್ಕವಿಲ್ಲ, ಅಡ್ಡಹೆಸರು ಕೇಳುವುದಿಲ್ಲ. ಬಾಂದ್ರಾದಲ್ಲಿ 1981ರಲ್ಲಿ ಫಾದರ್ ಜೋ ಪಿರೇರಾ ಕಟ್ಟಿದ ಕೃಪಾ ಫೌಂಡೇಶನ್ ಈ ಮಾತುಕತೆಗೆ ಯೋಗವನ್ನೂ ಸೇರಿಸಿತು. ಅವರು ಬಿ.ಕೆ.ಎಸ್. ಅಯ್ಯಂಗಾರರ ಶಿಷ್ಯರು. ನಮ್ಮ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದ ಒಬ್ಬರ ವಿದ್ಯೆ ಬಾಂದ್ರಾದ ವ್ಯಸನಿಗಳ ನಡುಗುವ ಮೈಯನ್ನು ನೇರ ನಿಲ್ಲಿಸಿದ್ದು ನನಗೆ ಹೆಮ್ಮೆಯ ವಿಷಯ.

ಪುಣೆಯ ಮುಕ್ತಾಂಗಣ ವ್ಯಸನಮುಕ್ತಿ ಕೇಂದ್ರದ ಕಥೆ ಇನ್ನೂ ಹತ್ತಿರದ್ದು. ಎಂಬತ್ತರ ದಶಕದಲ್ಲಿ ಮುಂಬಯಿಯ ಗಲ್ಲಿಗಳಿಗೆ ಬ್ರೌನ್ ಶುಗರ್ ನುಗ್ಗಿತು. ಇಲ್ಲಿ ಅದನ್ನು ಗರ್ದ್ ಎನ್ನುತ್ತಾರೆ. ಮರಾಠಿ ಲೇಖಕ ಅನಿಲ್ ಅವಚಟ್ ಗರ್ದಿನ ಹುಡುಗರ ಜೊತೆ ಕೂತು, ಅವರ ಮಾತನ್ನೇ ಕೇಳಿ ಬರೆದ ಲೇಖನಮಾಲೆ ಮಹಾರಾಷ್ಟ್ರವನ್ನು ಅಲುಗಾಡಿಸಿತು. ಅದನ್ನು ಓದಿ ಸಾಹಿತಿ ಪು.ಲ. ದೇಶಪಾಂಡೆ ಮತ್ತು ಅವರ ಪತ್ನಿ ಸುನೀತಾ ದೇಶಪಾಂಡೆ ಹಣ ಕೊಟ್ಟರು. ಅನಿಲರ ಪತ್ನಿ, ಮನೋವೈದ್ಯೆ ಡಾ. ಅನಿತಾ ಅವಚಟ್ 1986ರಲ್ಲಿ ಯೆರವಡಾದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಕೇಂದ್ರವನ್ನು ಆರಂಭಿಸಿದರು. ಅಲ್ಲಿ ಹೊಸಬನ ಜೊತೆ ಕೂತು ಮಾತಾಡುವವರಲ್ಲಿ ಅನೇಕರು ಒಂದು ಕಾಲಕ್ಕೆ ತಾವೇ ರೋಗಿಗಳಾಗಿದ್ದವರು. 'ನನಗೂ ಟರ್ಕಿ ಬಂದಿತ್ತು, ನಾಲ್ಕನೇ ದಿನ ಕಳೆದರೆ ಹಗುರಾಗುತ್ತದೆ' ಎಂದು ಅಂಥವನು ಹೇಳಿದರೆ ನಂಬುತ್ತಾರೆ. ನಾವು ಹೇಳಿದರೆ ನಂಬಬೇಕಾದ ಕಾರಣವೇನಿದೆ? ಊರ ಕಡೆ ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳ ಬಗ್ಗೆ ಓದುಗರಿಗೆ ಗೊತ್ತೇ ಇದೆ. ಶಿಬಿರದ ದಿನಗಳಿಗಿಂತ ಆಮೇಲೆ ಊರೂರಿನಲ್ಲಿ ಸೇರುವ ನವಜೀವನ ಸಮಿತಿಗಳೇ ಅದರ ಗಟ್ಟಿ ಭಾಗ ಎಂದು ನನ್ನ ಅಭಿಪ್ರಾಯ. ಊರಿಗೆ ಹೋಗಿ ಶಿಬಿರ ಮುಗಿಸಿ ಡೊಂಬಿವಲಿಗೆ ಮರಳಿದವನಿಗೆ ಆ ಸಮಿತಿ ಇಲ್ಲಿ ಇರುವುದಿಲ್ಲ. ಹಳೆಯ ಗೆಳೆಯರು, ಹಳೆಯ ಬಾರು ಮಾತ್ರ ಇರುತ್ತವೆ. ಹಾಗೆ ಬಂದವನನ್ನು ಮೊದಲ ವಾರವೇ ಇಲ್ಲಿಯ ಒಂದು ಸಭೆಗೆ ಸೇರಿಸಿ.

ಇನ್ನು ಮನೆಯವರು ಮಾಡಬಹುದಾದದ್ದು. ರಾಬರ್ಟ್ ಮೇಯರ್ಸ್ ಎಂಬವರು ನ್ಯೂಮೆಕ್ಸಿಕೊದಲ್ಲಿ ವ್ಯಸನಿಗಳ ಮನೆಯವರಿಗೇ ತರಬೇತಿ ಕೊಡುವ ಪದ್ಧತಿ ಬೆಳೆಸಿದರು. 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕಿತ್ಸೆ ಬೇಡವೇ ಬೇಡ ಎನ್ನುತ್ತಿದ್ದ ಕುಡುಕರ ಪೈಕಿ ಶೇ. 64 ಮಂದಿ, ಮನೆಯವರು ಮಾತಿನ ರೀತಿ ಬದಲಿಸಿದ ಮೇಲೆ ಚಿಕಿತ್ಸೆಗೆ ಬಂದರು. ಅದರ ತಿರುಳು ನಮ್ಮ ಮನೆಗಳಿಗೂ ಹೊಂದುತ್ತದೆ. ಕುಡಿದು ಬಂದ ರಾತ್ರಿ ಮಾತು ಬೇಡ, ಊಟ ಮುಚ್ಚಿಟ್ಟು ಮಲಗಿ. ಮಾತು ಬೆಳಿಗ್ಗೆ, ಅವನ ತಲೆ ನೆಟ್ಟಗಿರುವಾಗ. 'ನೀನು ಹಾಳಾದೆ' ಎನ್ನುವ ಬದಲು 'ನಿನ್ನೆ ಮಗು ನಿನ್ನನ್ನು ನೋಡಿ ಒಳಗೆ ಓಡಿತು, ನನಗೆ ನೋವಾಯಿತು' ಎಂದು ಕಂಡ ಒಂದೇ ಸಂಗತಿ ಹೇಳಿ ನಿಲ್ಲಿಸಿ. ಕುಡಿಯದೆ ಬಂದ ಸಂಜೆ ಅವನ ಜೊತೆ ಕೂತು ಚಹಾ ಕುಡಿಯಿರಿ. ಅವತ್ತು ಹಳೆಯ ಲೆಕ್ಕ ತೆಗೆಯಬೇಡಿ.

ಮತ್ತು ಸುಳ್ಳು ಹೇಳುವುದನ್ನು ನಿಲ್ಲಿಸಿ. ಇದು ಎಲ್ಲಕ್ಕಿಂತ ಕಷ್ಟ. ಸೆಕೆಂಡ್ ಶಿಫ್ಟಿಗೆ ಏಳಲಾಗದೆ ಬಿದ್ದ ಗಂಡನ ಪರವಾಗಿ ಸೂಪರ್‌ವೈಸರಿಗೆ 'ಜ್ವರ ಬಂದಿದೆ' ಎಂದು ಫೋನ್ ಮಾಡುವುದು ಹೆಂಡತಿ. ಅವನ ಸಾಲ ತೀರಿಸುವುದು ತಾಯಿ. ಪ್ರೀತಿಯಿಂದಲೇ ಮಾಡುತ್ತಾರೆ, ಸಂಬಳ ಹೋದರೆ ಮನೆ ನಡೆಯುವುದಿಲ್ಲ ಎಂಬ ಭಯದಿಂದ ಮಾಡುತ್ತಾರೆ. ಆದರೆ ಕುಡಿತದ ಬಿಸಿ ಕುಡಿದವನಿಗೆ ತಟ್ಟುವುದೇ ಇಲ್ಲ. ಫೋನನ್ನು ಅವನ ಕೈಗೆ ಕೊಡಿ, ಅವನೇ ಮಾತಾಡಲಿ. ಹೊಡೆತ ಬೀಳುವ ಮನೆಗೆ ಮಾತ್ರ ಈ ಸಲಹೆ ಅನ್ವಯಿಸುವುದಿಲ್ಲ. ಅಲ್ಲಿ ಮೊದಲು ಹೆಂಡತಿ ಮಕ್ಕಳ ಸುರಕ್ಷೆ, ಉಳಿದದ್ದೆಲ್ಲ ಆಮೇಲೆ.

ಎಂಡಿ, ಗಾಂಜಾ, ಗರ್ದ್ ತೆಗೆದುಕೊಳ್ಳುವ ಹುಡುಗರ ಮನೆಯವರು ಆಸ್ಪತ್ರೆಗೆ ಹೋಗಲು ಹೆದರುವುದು ಪೊಲೀಸರ ಕಾರಣದಿಂದ. 1985ರ ಮಾದಕವಸ್ತು ಕಾಯ್ದೆಯ 64-ಎ ಸೆಕ್ಷನ್ ಇರುವುದೇ ಇಂಥವರಿಗೆ. ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿರುವ ವ್ಯಸನಿ ತಾನಾಗಿ ಮುಂದೆ ಬಂದು ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ, ಅದನ್ನು ಪೂರ್ತಿ ಮಾಡಿದರೆ, ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕವಸ್ತುಗಳಿಂದ ಬರುವ ಮಾನಸಿಕ ತೊಂದರೆಯನ್ನೂ ಕಾಯಿಲೆಯೆಂದೇ ಪರಿಗಣಿಸುತ್ತದೆ. ಆದರೂ ಆಸ್ಪತ್ರೆಯ ಮೆಟ್ಟಿಲು ಹತ್ತುವವರು ಕಡಿಮೆ. ಕೇಂದ್ರ ಸರಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ಸಮೀಕ್ಷೆಯ ಪ್ರಕಾರ, ಕುಡಿತದ ಚಟ ಹತ್ತಿದ 38 ಮಂದಿಯಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು.

ಬಿಟ್ಟವನು ಮತ್ತೆ ಶುರುಮಾಡಿದರೆ? ಬಹಳ ಜನ ಒಮ್ಮೆಯಾದರೂ ಜಾರುತ್ತಾರೆ. ಎಲ್ಲ ನೀರಿನಲ್ಲಿ ಹೋಮವಾಯಿತು ಎಂದು ಮನೆಯವರು ಕೈಚೆಲ್ಲುವುದು ಅವತ್ತೇ. ಹಾಗೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಗರ್ದ್ ಬಿಟ್ಟವರ ವಿಷಯದಲ್ಲಂತೂ ಅವತ್ತೇ ಪ್ರಾಣಾಪಾಯ ಹೆಚ್ಚು. ಬಿಟ್ಟಿದ್ದ ತಿಂಗಳುಗಳಲ್ಲಿ ಮೈಗೆ ತಡೆದುಕೊಳ್ಳುವ ಶಕ್ತಿ ಕಡಿಮೆಯಾಗಿರುತ್ತದೆ. ಮೊದಲಿನಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಇದನ್ನು ಅವನು ಬಿಟ್ಟಿರುವಾಗಲೇ ಅವನಿಗೆ ಹೇಳಿಡಿ, ಜಾರಿದರೆ ಮುಚ್ಚಿಡದೆ ಮೊದಲು ನನಗೆ ಹೇಳು, ಬೈಯುವುದಿಲ್ಲ ಎಂದೂ ಹೇಳಿಡಿ. ಹೇಳಿದಾಗ ಬೈಯದೆ ಇರಿ.

ಸಹಾಯಕ್ಕೆ ಎರಡು ನಂಬರು. ವ್ಯಸನಮುಕ್ತಿಗೆ ದೇಶಕ್ಕೆಲ್ಲ ಒಂದೇ ಸಹಾಯವಾಣಿ 14446. ಮನಸ್ಸಿನ ಯಾವುದೇ ತೊಂದರೆಗೆ 14416, ಇದು 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್. ಬೆಂಗಳೂರಿನ ನಿಮ್ಹಾನ್ಸ್ ಅದರ ಕೇಂದ್ರಸ್ಥಾನ. ಕನ್ನಡದಲ್ಲಿ ಮಾತಾಡಬೇಕು ಎಂದು ಕೇಳಬಹುದು. ಠಾಣೆಯಲ್ಲಿ ಡಾ. ಆನಂದ ನಾಡಕರ್ಣಿಯವರು 1990ರಲ್ಲಿ ಆರಂಭಿಸಿದ, ಮಾನಸಿಕ ಆರೋಗ್ಯದ ಐಪಿಎಚ್ ಸಂಸ್ಥೆ ಇದೆ. ಫೋನನ್ನು ಕುಡಿಯುವವನೇ ಮಾಡಬೇಕೆಂದಿಲ್ಲ, ಮನೆಯವರು ತಮಗೋಸ್ಕರವೇ ಮಾಡಬಹುದು. ಮಾಡುವ ಮೊದಲು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಏನು ತೆಗೆದುಕೊಳ್ಳುತ್ತಾನೆ, ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಯಾವಾಗ ತೆಗೆದುಕೊಂಡ, ಬೇರೆ ಯಾವ ಮಾತ್ರೆ ನಡೆಯುತ್ತಿದೆ, ನೀವು ಊಟದಲ್ಲಿ ಏನಾದರೂ ಬೆರೆಸಿ ಕೊಟ್ಟಿದ್ದೀರಾ, ಮೊದಲು ಯಾವಾಗಲಾದರೂ ನಿಲ್ಲಿಸಿದಾಗ ಫಿಟ್ಸ್ ಬಂದಿತ್ತಾ. ಬಂದಿದ್ದರೆ ಅದನ್ನೇ ಮೊದಲು ಹೇಳಿ.